ಹಾಡುತ್ತಾ ಹಾಡುತ್ತಾ ನಿಂತುಹೋದ ಪ್ಲೇಯರ್: ಅಂಗಡಿಗೆ ಓಡುವ ಮೊದಲು

"ನಿನ್ನೆ ರಾತ್ರಿವರೆಗೂ ಚೆನ್ನಾಗಿ ಹಾಡ್ತಿತ್ತು, ಬೆಳಗ್ಗೆ ನೋಡಿದರೆ ಸತ್ತೇಹೋಗಿದೆ ಮಾರಾಯ್ರೆ" ಅಂತ ಪ್ಲೇಯರ್ ಹಿಡಿದುಕೊಂಡು ಬರುವವರಿಗೆ ನಾನು ಮೊದಲು ಕೇಳುವುದು ಒಂದೇ. ಸತ್ತುಹೋಗಿದೆ ಅಂದರೆ ಏನು? ಲೈಟೇ ಬರುತ್ತಿಲ್ಲವಾ? ಕಂಪನಿ ಹೆಸರು ತೋರಿಸಿ ಅಲ್ಲೇ ನಿಂತಿದೆಯಾ? ಹಾಡು ಓಡುತ್ತಿದ್ದರೂ ಸೌಂಡ್ ಬರುತ್ತಿಲ್ಲವಾ? ಅಥವಾ ಎಲ್ಲ ಸರಿಯಿದ್ದು ಹಾಡುಗಳೇ ಮಾಯವಾಗಿವೆಯಾ? ಇವು ನಾಲ್ಕು ಬೇರೆ ಬೇರೆ ಕಾಯಿಲೆ, ಒಂದರ ಔಷಧಿ ಇನ್ನೊಂದಕ್ಕೆ ಆಗುವುದಿಲ್ಲ. ಇದನ್ನು ನೋಡದೆ ಸುಮ್ನೆ ಎಲ್ಲ ಬಟನ್ ಒತ್ತುತ್ತಾ ಕೂತರೆ, ಕೊನೆಗೆ ಯಾವುದೋ ಮೆನುವಿನಲ್ಲಿ ಫಾರ್ಮ್ಯಾಟ್ ಆಗಿ ಇದ್ದ ಹಾಡೂ ಹೋಗುತ್ತದೆ.

ಫೋನ್ ಇರುವಾಗ ಇದೆಲ್ಲ ಯಾಕೆ ಅನ್ನುವವರು ಒಮ್ಮೆ ಮೂಡಿಗೆರೆ ಕಡೆಯ ತೋಟಗಳಿಗೆ ಬಂದು ನೋಡಬೇಕು. ಎಷ್ಟೋ ಕಡೆ ಗೇಟು ದಾಟಿದರೆ ನೆಟ್‌ವರ್ಕ್ ಇಲ್ಲ. ಮಳೆಗಾಲದಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೋ ಗೊತ್ತಿಲ್ಲ, ಫೋನಿನ ಚಾರ್ಜು ಮಾತಾಡುವುದಕ್ಕೆ ಬೇಕು. ಹಾಗಾಗಿ ಮೆಮೊರಿ ಕಾರ್ಡ್ ಹಾಕುವ ಸಣ್ಣ ಪ್ಲೇಯರ್, ಬೆಂಗಳೂರಿನ ತಮ್ಮ ಕೊಟ್ಟುಹೋದ ಹಳೇ ಐಪಾಡ್, ಪೆನ್‌ಡ್ರೈವ್ ಚುಚ್ಚುವ ಸ್ಪೀಕರ್ ಡಬ್ಬ, ಇವೆಲ್ಲ ನಮ್ಮಲ್ಲಿ ಇನ್ನೂ ದುಡಿಯುತ್ತಿವೆ. ಕಾಫಿ ಕುಯ್ಲಿನ ಹೊತ್ತಿಗೆ ಕಣದಲ್ಲಿ ಬೆಳಗ್ಗೆಯಿಂದ ಸಂಜೆವರೆಗೆ ಹಾಡುವುದು ಇವೇ.

ನನ್ನ ಲೆಕ್ಕ ಇಷ್ಟೇ: ಹಠಾತ್ತಾಗಿ ನಿಂತ ಪ್ಲೇಯರ್‌ನಲ್ಲಿ ಒಳಗಿನ ಬೋರ್ಡ್ ಸುಟ್ಟಿರುವುದು ಕಡಿಮೆ. ಕೇಬಲ್, ಬ್ಯಾಟರಿ, ತೇವ, ಕಾರ್ಡ್, ಇಲ್ಲಾಂದ್ರೆ ಒಂದು ಕೆಟ್ಟ ಹಾಡಿನ ಫೈಲ್, ಇವುಗಳಲ್ಲೇ ಕಳ್ಳ ಇರುತ್ತಾನೆ. ಅದಕ್ಕೇ ಅಗ್ಗದ್ದನ್ನು ಮೊದಲು ಅನುಮಾನಿಸಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಕೇಬಲ್ಲು, ಚಾರ್ಜರ್ರು, ಕಾರ್ಡು ಮೂರನ್ನೂ ಒಟ್ಟಿಗೇ ಬದಲಿಸಿದರೆ ಸರಿಯೇನೋ ಆಗಬಹುದು, ಯಾವುದು ಕೆಟ್ಟಿತ್ತು ಅಂತ ಗೊತ್ತಾಗುವುದಿಲ್ಲ. ಆಮೇಲೆ ಆ ಕೆಟ್ಟ ಕೇಬಲ್ಲನ್ನೇ ಮನೆಯಲ್ಲಿ ಇನ್ನೊಬ್ಬರು ಎತ್ತಿಕೊಂಡು ಬಳಸುತ್ತಾರೆ.

ಮೊದಲು ಲಾಕು, ಆಮೇಲೆ ರೀಸೆಟ್

ಪಕ್ಕದಲ್ಲೋ ಮೇಲೋ ಹೋಲ್ಡ್ ಅನ್ನುವ ಸಣ್ಣ ಸ್ವಿಚ್ ಇದೆಯಾ ನೋಡಿ. ಜೇಬಿನಲ್ಲಿ ಉಜ್ಜಿ ಅದು ಸರಿದಿದ್ದರೆ ಯಾವ ಬಟನ್ ಒತ್ತಿದರೂ ಉತ್ತರ ಬರುವುದಿಲ್ಲ. ನಗಬೇಡಿ, ಇಷ್ಟಕ್ಕೇ ಹಾಸನದವರೆಗೆ ಬಸ್ಸಿಗೆ ದುಡ್ಡು ಕೊಟ್ಟು ಹೋದವರಿದ್ದಾರೆ.

ಲಾಕು ಇಲ್ಲ ಅಂತಾದರೆ ರೀಸೆಟ್. ಇದಕ್ಕೆ ಹೆದರುವವರು ಜಾಸ್ತಿ, ಆದರೆ ಇದರಿಂದ ಹಾಡು ಅಳಿಸುವುದಿಲ್ಲ. ಪ್ಲೇಯರ್ ಒಳಗಿರುವುದು ಒಂದು ಪುಟ್ಟ ಕಂಪ್ಯೂಟರ್. ಪವರ್ ಬಟನ್ ಒತ್ತಿದಾಗ ನಾವು ಅದರ ಸಾಫ್ಟ್‌ವೇರ್‌ಗೆ "ಆಫ್ ಆಗಪ್ಪಾ" ಅಂತ ಹೇಳುತ್ತೇವೆ, ಅಷ್ಟೇ. ಆ ಸಾಫ್ಟ್‌ವೇರೇ ಸಿಕ್ಕಿಹಾಕಿಕೊಂಡಿದ್ದರೆ ಕೇಳಿಸಿಕೊಳ್ಳುವವರು ಯಾರು? ಬಟನ್ನನ್ನು ತುಂಬಾ ಹೊತ್ತು ಒತ್ತಿ ಹಿಡಿದಾಗ ಮಾತ್ರ ಸಾಫ್ಟ್‌ವೇರ್‌ನ ಹಂಗಿಲ್ಲದೆ ಅದು ಪೂರ್ತಿ ನಿಂತು ಮೊದಲಿನಿಂದ ಶುರುವಾಗುತ್ತದೆ.

ಚಕ್ರ ಇರುವ ಹಳೇ ಐಪಾಡ್ ಕ್ಲಾಸಿಕ್‌ನಲ್ಲಿ ಹೋಲ್ಡ್ ಸ್ವಿಚ್ಚನ್ನು ಒಮ್ಮೆ ಹಾಕಿ ತೆಗೆದು, ಮೆನು ಮತ್ತು ನಡುವಿನ ಬಟನ್ ಎರಡನ್ನೂ ಸೇಬಿನ ಚಿತ್ರ ಬರುವವರೆಗೆ ಒತ್ತಿ ಹಿಡಿಯಿರಿ, ಸುಮಾರು 8 ಸೆಕೆಂಡು. ಏಳನೇ ತಲೆಮಾರಿನ ಐಪಾಡ್ ನ್ಯಾನೋದಲ್ಲಿ ಮೇಲಿನ ಬಟನ್ ಮತ್ತು ಹೋಮ್ ಬಟನ್. ಐಪಾಡ್ ಶಫಲ್‌ಗೆ ಸುಲಭ, ಆಫ್ ಮಾಡಿ 10 ಸೆಕೆಂಡು ಬಿಟ್ಟು ಆನ್ ಮಾಡಿ. ಸ್ಯಾನ್‌ಡಿಸ್ಕ್‌ನ ಕ್ಲಿಪ್ ಪ್ಲೇಯರ್‌ನಲ್ಲಿ ಪವರ್ ಬಟನ್ 20 ಸೆಕೆಂಡು. ಇಲ್ಲಿ ಎಲ್ಲರೂ ಐದಾರು ಸೆಕೆಂಡಿಗೇ ಕೈಬಿಟ್ಟು "ಆಗಲಿಲ್ಲ" ಅನ್ನುತ್ತಾರೆ, ಗಡಿಯಾರ ನೋಡಿಕೊಂಡೇ ಒತ್ತಿ. ಕೆಲವು ಪ್ಲೇಯರ್‌ಗಳ ಹಿಂದೆ ಸೂಜಿ ಹೋಗುವಷ್ಟು ತೂತು ಇರುತ್ತದೆ, ಪಕ್ಕದಲ್ಲಿ ರೀಸೆಟ್ ಅಂತ ಬರೆದಿದ್ದರೆ ಮಾತ್ರ ಸಿಮ್ ತೆಗೆಯುವ ಪಿನ್ನಿನಲ್ಲಿ ಮೆಲ್ಲಗೆ ಒತ್ತಿ. ಬರೆದಿಲ್ಲದಿದ್ದರೆ ಅದು ಮೈಕಿನ ತೂತಾಗಿರಬಹುದು, ಚುಚ್ಚಿದರೆ ಮೈಕು ಹೋಯಿತು.

ರೀಸೆಟ್ ಬೇರೆ, ಫ್ಯಾಕ್ಟರಿ ರೀಸೆಟ್ ಬೇರೆ. ಫ್ಯಾಕ್ಟರಿ ರೀಸೆಟ್, ರಿಸ್ಟೋರ್, ಫಾರ್ಮ್ಯಾಟ್ ಅಂತ ಏನಾದರೂ ಕೇಳಿದರೆ ಬೇಡ ಅನ್ನಿ. ಅದು ಕಟ್ಟಕಡೆಗೆ.

ಲೈಟೇ ಬರುತ್ತಿಲ್ಲ ಅಂದರೆ

ಮೂರು ತಿಂಗಳು ಬೀರುವಿನಲ್ಲಿದ್ದ ಪ್ಲೇಯರನ್ನು ಚಾರ್ಜಿಗೆ ಹಾಕಿ, ಐದು ನಿಮಿಷಕ್ಕೇ ಸ್ವಿಚ್ ಒತ್ತಿ, ಲೈಟ್ ಬರಲಿಲ್ಲ ಅಂತ ಮತ್ತೆ ಬೀರುವಿಗೆ ಹಾಕುವವರೇ ಹೆಚ್ಚು. ಇದರೊಳಗಿನ ಲಿಥಿಯಂ ಬ್ಯಾಟರಿ ಸಾಮಾನ್ಯವಾಗಿ 3.7 ವೋಲ್ಟಿನದು, ಪೂರ್ತಿ ತುಂಬಿದಾಗ 4.2. ಖಾಲಿಯಾಗುತ್ತಾ 3 ವೋಲ್ಟಿಗಿಂತ ಕೆಳಗೆ ಇಳಿದರೆ ಸರ್ಕ್ಯೂಟು ಬ್ಯಾಟರಿಯನ್ನು ಕಾಪಾಡಲು ಬಾಗಿಲು ಹಾಕಿಕೊಳ್ಳುತ್ತದೆ. ಆಮೇಲೆ ಚಾರ್ಜಿಗೆ ಹಾಕಿದರೂ ಮೊದಮೊದಲು ತೊಟ್ಟುತೊಟ್ಟಾಗಿಯೇ ತೆಗೆದುಕೊಳ್ಳುತ್ತದೆ. ಅಷ್ಟು ಹೊತ್ತು ಪರದೆಯಲ್ಲಿ ಏನೂ ಕಾಣದೇ ಇರಬಹುದು. ಹಾಗಾಗಿ ಒಂದು ಗಂಟೆ ಮುಟ್ಟದೆ ಬಿಡಿ. ನಡುನಡುವೆ ಸ್ವಿಚ್ ಒತ್ತಿ ನೋಡಬೇಡಿ, ಸೇರಿದ ಚೂರು ಚಾರ್ಜೂ ಅದರಲ್ಲೇ ಮುಗಿಯುತ್ತದೆ.

ಆಗಲೂ ಇಲ್ಲವಾದರೆ ಕೇಬಲ್. ಈಗಿನ ಪ್ಲೇಯರ್‌ಗಳಲ್ಲಿ ಒಂದು ವಿಚಿತ್ರ ಇದೆ. ಟೈಪ್ ಸಿ ಪಿನ್ ಇರುವ ಕೆಲವು ಅಗ್ಗದ ಪ್ಲೇಯರ್ ಮತ್ತು ಸ್ಪೀಕರ್‌ಗಳನ್ನು ಹೊಸ ಫೋನಿನ ಚಾರ್ಜರ್‌ಗೆ, ಎರಡೂ ತುದಿ ಟೈಪ್ ಸಿ ಇರುವ ಕೇಬಲ್‌ನಲ್ಲಿ ಚುಚ್ಚಿದರೆ ಚಾರ್ಜೇ ಆಗುವುದಿಲ್ಲ. ಚಾರ್ಜರ್ ಕರೆಂಟು ಬಿಡುವ ಮೊದಲು ಆ ಕಡೆ ಯಾರಿದ್ದಾರೆ ಅಂತ ಒಂದು ಸಣ್ಣ ರೆಸಿಸ್ಟರ್ ಮೂಲಕ ಗುರುತು ಹಿಡಿಯುತ್ತದೆ. ಆ ರೆಸಿಸ್ಟರನ್ನು ಕೆಲವು ತಯಾರಕರು ದುಡ್ಡು ಉಳಿಸಲು ಹಾಕಿರುವುದಿಲ್ಲ. ಯಾರೂ ಇಲ್ಲ ಅಂದುಕೊಂಡು ಚಾರ್ಜರ್ ಸುಮ್ಮನಿರುತ್ತದೆ. ಅದೇ ಪ್ಲೇಯರನ್ನು ಹಳೇ ಚೌಕದ ಯುಎಸ್‌ಬಿ ತುದಿಯ ಕೇಬಲ್‌ನಲ್ಲಿ, ಹಳೇ 5 ವೋಲ್ಟಿನ ಚಾರ್ಜರ್‌ಗೋ ಕಂಪ್ಯೂಟರಿಗೋ ಹಾಕಿ, ಚಾರ್ಜ್ ಆಗುತ್ತದೆ. ಕೆಟ್ಟಿದೆ ಅಂತ ಮೂಲೆಗೆ ಎಸೆದ ಎಷ್ಟೋ ಸ್ಪೀಕರ್‌ಗಳ ಕಾಯಿಲೆ ಇಷ್ಟೇ.

ಕಂಪ್ಯೂಟರಿಗೆ ಹಾಕಿದಾಗ ಚಾರ್ಜ್ ಆಗುತ್ತದೆ, ಆದರೆ ಹಾಡಿನ ಫೋಲ್ಡರ್ ಕಾಣುವುದಿಲ್ಲ ಅಂದರೆ ಆ ಕೇಬಲ್ಲಿನಲ್ಲಿ ಚಾರ್ಜಿನ ತಂತಿ ಮಾತ್ರ ಇರಬಹುದು. ಬೇರೆ ಕೇಬಲ್ ಹಾಕಿ ನೋಡಿ. ಚಾರ್ಜಿಂಗ್ ತೂತಿನೊಳಗೆ ಟಾರ್ಚ್ ಬಿಟ್ಟೂ ನೋಡಿ, ಜೇಬಿನ ನೂಲು, ಪುಡಿ ಎಲ್ಲ ಒಳಗೆ ಸೇರಿ ಗಟ್ಟಿಯಾಗಿ ಕೂತಿರುತ್ತದೆ.

ಏಪ್ರಿಲ್, ಮೇನಲ್ಲಿ ಗುಡುಗು ಶುರುವಾದರೆ ನಮ್ಮ ಕಡೆ ಟಿವಿ ವೈರ್ ಕೀಳುವುದು ಎಲ್ಲರಿಗೂ ರೂಢಿ. ಚಾರ್ಜರ್ ಕೀಳುವುದು ಮಾತ್ರ ಯಾರಿಗೂ ನೆನಪಾಗುವುದಿಲ್ಲ. ಸಿಡಿಲಿನ ಮಾರನೇ ದಿನ ಪ್ಲೇಯರ್ ಸತ್ತಿದ್ದರೆ ಮೊದಲು ಚಾರ್ಜರ್ ಸತ್ತಿದೆಯಾ ನೋಡಿ, ಅದೇ ಚಾರ್ಜರ್‌ನಲ್ಲಿ ಹಳೇ ಫೋನೊಂದನ್ನು ಚುಚ್ಚಿದರೆ ಗೊತ್ತಾಗುತ್ತದೆ.

ಇನ್ನೊಂದು, ಇದು ತಮಾಷೆಯಲ್ಲ. ಪ್ಲೇಯರನ್ನು ಮೇಜಿನ ಮೇಲೆ ಮಲಗಿಸಿ. ಸಮನಾಗಿ ಕೂರದೆ ಅಲ್ಲಾಡಿದರೆ, ಪರದೆ ಒಂದು ಕಡೆ ಎದ್ದಿದ್ದರೆ, ಬ್ಯಾಟರಿ ಊದಿದೆ. ಅಲ್ಲಿಗೆ ಎಲ್ಲ ಪ್ರಯೋಗ ನಿಲ್ಲಿಸಿ. ಚಾರ್ಜ್ ಮಾಡಬೇಡಿ, ಒತ್ತಿ ಕೂರಿಸಬೇಡಿ, ಚುಚ್ಚಿ ಗಾಳಿ ಬಿಡಲಂತೂ ಹೋಗಲೇಬೇಡಿ. ಮೊದಲ ತಲೆಮಾರಿನ ಐಪಾಡ್ ನ್ಯಾನೋ ಇಟ್ಟುಕೊಂಡಿರುವವರು ಊದದಿದ್ದರೂ ಹುಷಾರಾಗಿರಿ. 2005ರ ಸೆಪ್ಟೆಂಬರಿನಿಂದ 2006ರ ಡಿಸೆಂಬರ್‌ವರೆಗೆ ಮಾರಾಟವಾದವುಗಳಲ್ಲಿ ಬ್ಯಾಟರಿ ಅತಿಯಾಗಿ ಬಿಸಿಯಾಗುವ ದೋಷ ಕಂಡು, 2011ರಲ್ಲಿ ಆ್ಯಪಲ್ ಅವುಗಳನ್ನು ವಾಪಸ್ ತೆಗೆದುಕೊಂಡು ಬದಲಿಸಿಕೊಡುವುದಾಗಿ ಹೇಳಿತ್ತು. ತಪ್ಪಿಸಿಕೊಂಡವು ಈಗಲೂ ಕೈಯಿಂದ ಕೈಗೆ ಓಡಾಡುತ್ತಿರಬಹುದು.

ಮಲೆನಾಡಿನ ನಿಜವಾದ ಕಳ್ಳ: ತೇವ

ಬಯಲುಸೀಮೆಯ ಅರಸೀಕೆರೆಯಲ್ಲಿ ಹತ್ತು ವರ್ಷ ಬಾಳುವ ಪ್ಲೇಯರ್ ಆಲ್ದೂರು, ಬಾಳೆಹೊನ್ನೂರಿನಲ್ಲಿ ಎರಡು ಮಳೆಗಾಲ ದಾಟುವುದೂ ಕಷ್ಟ. ನೀರಿಗೆ ಬೀಳಲೇಬೇಕು ಅಂತಿಲ್ಲ. ಪುನರ್ವಸು ಮಳೆ ಹಿಡಿದಾಗ ಚಪ್ಪಲಿಗೆ ಬೂಷ್ಟು ಬರುತ್ತದೆ, ಬೆಲ್ಟಿಗೆ ಬರುತ್ತದೆ, ಪ್ಲೇಯರ್ ಒಳಗಿನ ತಾಮ್ರ ಮಾತ್ರ ಯಾಕೆ ಉಳಿಯಬೇಕು? ಅದಲ್ಲದೆ ಹೊರಗೆ ಥಂಡಿಯಲ್ಲಿ ಇದ್ದದ್ದನ್ನು ತಂದು ಅಡುಗೆಮನೆಯ ಬಿಸಿ ಒಲೆಯ ಹತ್ತಿರ ಇಟ್ಟರೆ, ಕನ್ನಡಕದ ಮೇಲೆ ಮಂಜು ಕೂರುತ್ತದಲ್ಲ, ಅದೇ ತರ ಒಳಗೂ ಕೂರುತ್ತದೆ.

ಇಯರ್‌ಫೋನ್ ಚುಚ್ಚುವ ತೂತನ್ನು ಒಮ್ಮೆ ಟಾರ್ಚ್ ಬಿಟ್ಟು ಓರೆಯಾಗಿ ನೋಡಿ. ಒಳಗೋಡೆಯಲ್ಲಿ ಪುಟ್ಟ ಹಿತ್ತಾಳೆಯ ನಾಲಿಗೆಗಳು ಕಾಣುತ್ತವೆ. ಚೆನ್ನಾಗಿದ್ದರೆ ಹೊಳೆಯುತ್ತವೆ. ಮಳೆಗಾಲ ಕಂಡವುಗಳಲ್ಲಿ ಕಪ್ಪಾಗಿರುತ್ತವೆ, ಇನ್ನೂ ಕೆಟ್ಟಿದ್ದರೆ ಅಂಚಿನಲ್ಲಿ ಹಸಿರು ಕಿಲುಬು. ದೇವರಮನೆಯ ಹಳೇ ತಾಮ್ರದ ಚೊಂಬಿನ ಬುಡದಲ್ಲಿ ಬರುವ ಕಿಲುಬೇ ಇದು. ಒಂದೇ ಕಿವಿಗೆ ಹಾಡು, ಕರಕರ ಸದ್ದು, ವೈರ್ ತಿರುಗಿಸಿದರೆ ಬಂದು ಬಂದು ಹೋಗುವುದು, ಇದಕ್ಕೆಲ್ಲ ಮೊದಲು ಇಲ್ಲೇ ನೋಡಬೇಕು.

ಆ ನಾಲಿಗೆಗಳಿಗೆ ಇನ್ನೊಂದು ಕೆಲಸವೂ ಇದೆ. ಪಿನ್ ಒಳಗೆ ಬಂದರೆ ಅವು ಸರಿಯುತ್ತವೆ, ಆಗ ಪ್ಲೇಯರ್ "ಇಯರ್‌ಫೋನ್ ಬಂತು" ಅಂತ ಹೊರಗಿನ ಸ್ಪೀಕರ್ ಬಂದ್ ಮಾಡುತ್ತದೆ. ಕಸ ಸೇರಿ ನಾಲಿಗೆ ಹಿಂದಕ್ಕೆ ಬರದಿದ್ದರೆ, ಪಿನ್ ಕಿತ್ತರೂ ಅದು ಇದೆ ಅಂದುಕೊಂಡೇ ಇರುತ್ತದೆ. ಹಾಡು ಓಡುತ್ತದೆ, ನಿಮಿಷ ಸರಿಯುತ್ತದೆ, ಸ್ಪೀಕರ್ ಮಾತ್ರ ಮೂಕ. "ಸ್ಪೀಕರ್ ಸುಟ್ಟಿದೆ, ಹೊಸದು ಹಾಕಬೇಕು" ಅಂತ ಅಂಗಡಿಯವರು ಹೇಳುವ ಮೊದಲು ಇಯರ್‌ಫೋನ್ ಪಿನ್ನನ್ನು ಹತ್ತು ಹದಿನೈದು ಸಲ ಹಾಕಿ ತೆಗೆದು, ಒಳಗಿದ್ದಾಗ ಸುತ್ತ ತಿರುಗಿಸಿ ನೋಡಿ. ಎಷ್ಟೋ ಸಲ ಇಷ್ಟಕ್ಕೇ ಬಾಯಿ ಬಿಡುತ್ತದೆ.

ಆಗದಿದ್ದರೆ ಶುಚಿ ಮಾಡಿ. ಇದಕ್ಕೆ ಹೇಳಿ ಮಾಡಿಸಿದ್ದು ಊದುಬತ್ತಿ ಉರಿದು ಉಳಿದ ಬಿದಿರಿನ ಕಡ್ಡಿ. ಕರಿ ಭಾಗ ಮುರಿದು ಹಾಕಿ, ತುದಿಗೆ ಒಂದೇ ಎಳೆ ಹತ್ತಿ ಬಿಗಿಯಾಗಿ ಸುತ್ತಿ, ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಅಂತ ಕೇಳಿದರೆ ಕೊಡುವ ದ್ರವವನ್ನು ಹತ್ತಿಗೆ ತಾಗಿಸಿ, ಹಿಂಡಿ, ಪ್ಲೇಯರ್ ಆಫ್ ಮಾಡಿ ಒಳಗೆ ಮೆಲ್ಲಗೆ ತಿರುಗಿಸಿ. ಹತ್ತಿ ಕಪ್ಪಗೆ ಹಸಿರಗೆ ಆಗಿ ಬರುತ್ತದೆ. ಬಿಳಿಯಾಗಿ ಬರುವವರೆಗೆ ಹತ್ತಿ ಬದಲಿಸುತ್ತಾ ಮಾಡಿ, ಒಂದು ಗಂಟೆ ಒಣಗಲು ಬಿಡಿ. ಉಕ್ಕಿನ ಪಿನ್ನು, ಸೂಜಿ ಹಾಕಿ ಕೆರೆಯಬೇಡಿ. ಕೊಬ್ಬರಿ ಎಣ್ಣೆ ಬಿಡುವ ಪುಣ್ಯಾತ್ಮರೂ ಇದ್ದಾರೆ, ದಯವಿಟ್ಟು ಬೇಡ. ಎಣ್ಣೆಗೆ ಮತ್ತಷ್ಟು ಧೂಳು ಅಂಟಿ ಜಿಡ್ಡುಗಟ್ಟುತ್ತದೆ.

ನಿಜವಾಗಿ ಒದ್ದೆಯೇ ಆಗಿದ್ದರೆ ವಿಷಯ ಬೇರೆ. ಆಗ ಮಾಡಬೇಕಾದ್ದಕ್ಕಿಂತ ಮಾಡಬಾರದ್ದೇ ಜಾಸ್ತಿ. ಆನ್ ಆಗುತ್ತದಾ ಅಂತ ನೋಡಬಾರದು, ಆನ್ ಇದ್ದರೆ ಆಫ್ ಮಾಡಬೇಕು. ಚಾರ್ಜಿಗೆ ಹಾಕಬಾರದು. ನೀರಿಗಿಂತ ಹೆಚ್ಚು ಹಾಳು ಮಾಡುವುದು ನೀರಿನ ಜೊತೆ ಹರಿಯುವ ಕರೆಂಟು, ಅದು ಸಣ್ಣ ತಂತಿಗಳನ್ನು ಗಂಟೆಗಳಲ್ಲೇ ತಿಂದುಹಾಕುತ್ತದೆ. ಬ್ಯಾಟರಿ ಕೈಯಲ್ಲೇ ತೆಗೆಯಲು ಬರುವಂತಿದ್ದರೆ ತಕ್ಷಣ ತೆಗೆಯಿರಿ. ಕಾರ್ಡ್ ತೆಗೆಯಿರಿ. ಒರೆಸಿ, ತೂತುಗಳು ಕೆಳಗಾಗುವಂತೆ ಹಿಡಿದು ಕೊಡವಿ.

ಅಕ್ಕಿ ಡಬ್ಬ ಬೇಡ. ಅಕ್ಕಿಗೆ ಅಷ್ಟು ತೇವ ಎಳೆಯುವ ಶಕ್ತಿಯಿಲ್ಲ, ನಮ್ಮ ಮಳೆಗಾಲದಲ್ಲಂತೂ ಅಕ್ಕಿಯೇ ಮೆತ್ತಗಾಗಿರುತ್ತದೆ. ಪುಡಿ ಬೇರೆ ತೂತಿನೊಳಗೆ ಹೋಗುತ್ತದೆ. ಒದ್ದೆಯಾದ ಐಫೋನನ್ನು ಅಕ್ಕಿಯಲ್ಲಿ ಇಡಬೇಡಿ ಅಂತ ಆ್ಯಪಲ್ ಕಂಪನಿಯೇ ಹೇಳಿದೆ. ಒಲೆಯ ಮೇಲಿನ ಅಟ್ಟವೂ ಬೇಡ, ಕಾಫಿ ಕಣದ ಬಿಸಿಲೂ ಬೇಡ, ಬಿಸಿಗೆ ಬ್ಯಾಟರಿ ಕೆಡುತ್ತದೆ, ಅಂಟು ಬಿಡುತ್ತದೆ. ಮುಚ್ಚಳ ಬಿಗಿಯಾಗಿ ಕೂರುವ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಎರಡು ಮೂರು ದಿನ ಇಡಿ. ಹೊಸ ಚಪ್ಪಲಿ, ಬ್ಯಾಗಿನ ಜೊತೆ ಬರುತ್ತದಲ್ಲ, ಅದೇ. ಬಿಡಿಯಾಗಿ ಕೊಳ್ಳುವುದಾದರೆ ಬಣ್ಣ ಬದಲಿಸುವಂಥದ್ದು ತೆಗೆದುಕೊಳ್ಳಿ: ನೀಲಿ ಇದ್ದದ್ದು ತೇವ ಕುಡಿದು ತುಂಬಿದಾಗ ಗುಲಾಬಿ ಆಗುತ್ತದೆ. ಅಡುಗೆಗೆ ಬಳಸದ ಹಳೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿಗೆ ಬರುತ್ತದೆ, ವರ್ಷಗಟ್ಟಲೆ ಬಳಸಬಹುದು.

ಲೋಗೋದಲ್ಲೇ ನಿಂತರೆ, ಹಾಡು ಮಾಯವಾದರೆ

ಇಲ್ಲಿ ಮೊದಲ ಕೆಲಸ ಕಾರ್ಡ್ ತೆಗೆದು ಆನ್ ಮಾಡುವುದು. ಕಾರ್ಡ್ ಇಲ್ಲದೆ ಆರಾಮಾಗಿ ಆನ್ ಆದರೆ ಪ್ಲೇಯರ್ ಗಟ್ಟಿಯಾಗಿದೆ, ಕಾಯಿಲೆ ಕಾರ್ಡಿನದ್ದು. ಎಫ್‌ಎಂ ಇದ್ದರೆ ಇನ್ನೂ ಒಳ್ಳೆಯದು. ಇಯರ್‌ಫೋನ್ ಚುಚ್ಚಿ ಹಾಸನ ಆಕಾಶವಾಣಿ ಹಾಕಿ ನೋಡಿ, ವೈರೇ ಏರಿಯಲ್ ಆಗಿರುವುದರಿಂದ ಅದಿಲ್ಲದೆ ಎಫ್‌ಎಂ ಸರಿಯಾಗಿ ಹಿಡಿಯುವುದಿಲ್ಲ. ಅಲ್ಲಿ ಮಾತು ಸ್ಪಷ್ಟವಾಗಿ ಕೇಳಿದರೆ ಸೌಂಡಿನ ಭಾಗ ಸರಿಯಿದೆ ಅಂತ ಅಲ್ಲೇ ತೀರ್ಮಾನ ಆಯಿತು.

ಕಾರ್ಡನ್ನು ಕಂಪ್ಯೂಟರಿಗೆ ಹಾಕಿ, ರಿಪೇರಿಗೆ ಕೈ ಹಾಕುವ ಮೊದಲು ಕಾಣುವ ಹಾಡೆಲ್ಲ ಕಾಪಿ ಮಾಡಿಕೊಳ್ಳಿ. ವಿಂಡೋಸ್ "ಫಾರ್ಮ್ಯಾಟ್ ಮಾಡಲಾ?" ಅಂತ ಕೇಳಿದರೆ ಬೇಡ ಅನ್ನಿ. ಏನೂ ಕಾಣದಿದ್ದರೂ ಆಸೆ ಬಿಡಬೇಡಿ, ಫೋಟೋರೆಕ್ ಅನ್ನುವ ಉಚಿತ ಸಾಫ್ಟ್‌ವೇರ್ ಹೆಸರಿಗೆ ಫೋಟೋದ್ದಾದರೂ ಹಾಡಿನ ಫೈಲುಗಳನ್ನೂ ಹುಡುಕಿ ತೆಗೆಯುತ್ತದೆ. ಹಾಡಿನ ಫೈಲಿನ ಹೆಸರುಗಳು ಮಾತ್ರ ಸಾಮಾನ್ಯವಾಗಿ ಉಳಿಯುವುದಿಲ್ಲ. ಸಿಕ್ಕಿದ್ದನ್ನು ಅದೇ ಕಾರ್ಡಿಗೆ ಬರೆಯದೆ ಬೇರೆ ಕಡೆ ಉಳಿಸಿ.

ಕಾರ್ಡ್ ಹೊಸದಾದರೆ ಅದರ ಫಾರ್ಮ್ಯಾಟ್, ಅಂದರೆ ಒಳಗೆ ಫೈಲು ಜೋಡಿಸಿಡುವ ಪದ್ಧತಿ, ಯಾವುದು ನೋಡಿ. 32 ಜಿಬಿವರೆಗಿನ ಕಾರ್ಡ್‌ಗಳು ಸಾಮಾನ್ಯವಾಗಿ ಫ್ಯಾಟ್32ನಲ್ಲಿ ಬರುತ್ತವೆ, 64 ಜಿಬಿ ಮತ್ತು ಮೇಲಿನವು ಎಕ್ಸ್‌ಫ್ಯಾಟ್‌ನಲ್ಲಿ. ಸಣ್ಣ ಪ್ಲೇಯರ್‌ಗಳಲ್ಲಿ ಹಲವಕ್ಕೆ ಎಕ್ಸ್‌ಫ್ಯಾಟ್ ಓದಲು ಬರುವುದಿಲ್ಲ. ಕಾರ್ಡ್ ದೊಡ್ಡದಾದಷ್ಟು ಒಳ್ಳೆಯದು ಅಂತ ತಂದವರು ಇಲ್ಲೇ ಸಿಕ್ಕಿಬೀಳುವುದು. ಸಂತೆಯಲ್ಲಿ, ಬಸ್‌ಸ್ಟ್ಯಾಂಡ್ ಹತ್ತಿರ ಅಗ್ಗಕ್ಕೆ ಸಿಗುವ ದೊಡ್ಡ ಕಾರ್ಡ್‌ಗಳ ಕಥೆ ಇನ್ನೂ ಬೇರೆ. ಮೇಲೆ 128 ಅಂತ ಬರೆದಿರುತ್ತದೆ, ಕಂಪ್ಯೂಟರೂ ಹಾಗೇ ತೋರಿಸುತ್ತದೆ, ಒಳಗೆ ನಿಜವಾಗಿ ಇರುವುದು ಅದರ ಒಂದು ತುಂಡು. ಅಷ್ಟು ತುಂಬುವವರೆಗೆ ಎಲ್ಲ ಸರಿ, ಆಮೇಲೆ ಹಾಕಿದ ಹಾಡುಗಳ ಹೆಸರು ಕಾಣುತ್ತದೆ, ಹಾಡು ಬರುವುದಿಲ್ಲ. ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್‌ನಲ್ಲಿ ಎಫ್3 ಅನ್ನುವ ಉಚಿತ ಸಾಫ್ಟ್‌ವೇರ್‌ಗಳು ಕಾರ್ಡಿಗೆ ಪೂರ್ತಿ ಬರೆದು ಮತ್ತೆ ಓದಿ ನೋಡಿ ನಿಜ ಹೇಳುತ್ತವೆ.

ಕಾರ್ಡೂ ಸರಿಯಿದೆ, ಆದರೂ ಹಾಡುಗಳ ಪಟ್ಟಿ ಮಾಡುವಾಗ ಪ್ಲೇಯರ್ ನಿಲ್ಲುತ್ತದೆ ಅಂದರೆ ಯಾವುದೋ ಒಂದು ಹಾಡು ಕೆಟ್ಟಿದೆ. ಪ್ಲೇಯರ್ ಪ್ರತಿ ಫೈಲಿನ ಒಳಗಿರುವ ಹಾಡಿನ ಹೆಸರು, ಗಾಯಕರ ಹೆಸರು, ಚಿತ್ರ ಎಲ್ಲ ಓದುತ್ತಾ ಹೋಗುತ್ತದೆ. ಅರ್ಧಕ್ಕೆ ನಿಂತ ಡೌನ್‌ಲೋಡ್ ಸಿಕ್ಕಿದರೆ ಅಥವಾ ದೊಡ್ಡ ಚಿತ್ರ ಅಂಟಿಸಿದ ಫೈಲ್ ಸಿಕ್ಕಿದರೆ ಅಲ್ಲೇ ಮುಗ್ಗರಿಸುತ್ತದೆ. ಸಾವಿರ ಹಾಡಿನಲ್ಲಿ ಅದನ್ನು ಹುಡುಕುವುದು ಹೇಗೆ? ಅರ್ಧ ಹಾಡು ತೆಗೆದು ನೋಡಿ. ಪ್ಲೇಯರ್ ಸರಿಯಾದರೆ ಕೆಟ್ಟದ್ದು ತೆಗೆದ ಅರ್ಧದಲ್ಲಿದೆ, ಇಲ್ಲದಿದ್ದರೆ ಉಳಿದ ಅರ್ಧದಲ್ಲಿ. ಆ ಅರ್ಧದಲ್ಲಿ ಮತ್ತೆ ಅರ್ಧ. ಹೀಗೆ ಹತ್ತು ಸಲ ಮಾಡಿದರೆ ಸಾವಿರದಲ್ಲಿರುವ ಒಂದು ಕಳ್ಳ ಕೈಗೆ ಸಿಗುತ್ತಾನೆ.

ಬ್ಲೂಟೂತ್ ಬಗ್ಗೆ ಒಂದೇ ಮಾತು: ಸೌಂಡ್ ಇಲ್ಲದಿದ್ದರೆ ಅದನ್ನು ಆಫ್ ಮಾಡಿ ನೋಡಿ, ನಿಮ್ಮ ಹಾಡು ಪಕ್ಕದ ಕೋಣೆಯ ಸ್ಪೀಕರಿಗೆ ಹೋಗುತ್ತಿರಬಹುದು. ಐಪಾಡ್ ಕ್ಲಾಸಿಕ್‌ನೊಳಗೆ ಟಿಕ್ ಟಿಕ್ ಅಂತ ಒಂದೇ ಸಮ ಸದ್ದು ಬಂದರೆ ಅದರ ಹಾರ್ಡ್ ಡಿಸ್ಕ್ ಹೋಗುತ್ತಿದೆ. ತಟ್ಟಬೇಡಿ, ಕಂಪ್ಯೂಟರಿಗೆ ಕಾಣುತ್ತಿರುವಾಗಲೇ ಹಾಡು ಇಳಿಸಿಕೊಳ್ಳಿ.

ಅಂಗಡಿಗೆ ಕೊಡುವಾಗ

ಇಷ್ಟೆಲ್ಲ ಮಾಡಿಯೂ ಆಗದಿದ್ದರೆ ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಲ್ಲೋ ಹಾಸನದ ಬಿ.ಎಂ. ರಸ್ತೆಯಲ್ಲೋ ಮೊಬೈಲ್ ರಿಪೇರಿಯವರನ್ನು ನೋಡಿ. ಪ್ಲೇಯರ್ ಕಂಡ ಕೂಡಲೇ "ಇದೆಲ್ಲ ಈಗ ಯಾರೂ ಮಾಡಲ್ಲ ಅಣ್ಣಾ" ಅಂತ ಕೆಲವರು ಹೇಳುತ್ತಾರೆ, ಆದರೆ ಬ್ಯಾಟರಿ ಬದಲಿಸುವುದು, ಜಾಕ್ ಬೆಸುಗೆ ಹಾಕುವುದು ಫೋನ್ ಬಿಚ್ಚುವವರಿಗೆ ದೊಡ್ಡ ಕೆಲಸವಲ್ಲ. ಕಾರ್ಡ್ ಮನೆಯಲ್ಲೇ ತೆಗೆದಿಟ್ಟು ಹೋಗಿ. "ಕೆಟ್ಟಿದೆ" ಅಂತ ಮಾತ್ರ ಹೇಳಬೇಡಿ. ಬೇರೆ ಕೇಬಲ್ ಹಾಕಿ ನೋಡಿದೆ, ಕಾರ್ಡ್ ಇಲ್ಲದೆಯೂ ಆನ್ ಆಗುತ್ತಿಲ್ಲ, ಮಳೆಯಲ್ಲಿ ನೆನೆದಿತ್ತು, ಹೀಗೆ ಇದ್ದದ್ದು ಇದ್ದ ಹಾಗೆ ಹೇಳಿದರೆ ಅವರ ಸಮಯವೂ ಉಳಿಯುತ್ತದೆ, ನಿಮ್ಮ ದುಡ್ಡೂ ಉಳಿಯುತ್ತದೆ.

ಅದೇ ಕಂಪನಿಯ ಬ್ಯಾಟರಿ ಸಿಗುವುದಿಲ್ಲ ಅಂದರೆ ಹಳೇ ಬ್ಯಾಟರಿಯ ಮೇಲಿನ ಅಂಕಿ ನೋಡಲು ಹೇಳಿ. 402030 ಅಂತಿದ್ದರೆ ದಪ್ಪ 4 ಮಿಲಿಮೀಟರ್, ಅಗಲ 20, ಉದ್ದ 30 ಅಂತ ಅರ್ಥ. ಅಳತೆ, ವೋಲ್ಟೇಜು ಮತ್ತು ವೈರುಗಳ ಜೋಡಣೆ ಹೊಂದಿದರೆ ಯಾವ ಹೆಸರಿನದ್ದಾದರೂ ನಡೆಯುತ್ತದೆ. ಕಾಪಾಡುವ ಸಣ್ಣ ಸರ್ಕ್ಯೂಟ್ ಅಂಟಿಸಿರುವುದನ್ನೇ ಕೇಳಿ.

ರಿಪೇರಿಯೇ ಆಗದ್ದನ್ನು ಗೊಬ್ಬರದ ಗುಂಡಿಗೆ ಎಸೆಯಬೇಡಿ. ಮನೆಯ ಕಸವೆಲ್ಲ ಬಚ್ಚಲ ಒಲೆಗೆ ಹೋಗುವುದು ನಮ್ಮಲ್ಲಿ ರೂಢಿ, ಇದು ಮಾತ್ರ ಅಲ್ಲಿಗೆ ಹೋಗಲೇಬಾರದು. ಲಿಥಿಯಂ ಬ್ಯಾಟರಿ ಬೆಂಕಿಗೆ ಬಿದ್ದರೆ ಸಿಡಿಯುತ್ತದೆ, ಹಂಡೆಯ ಮುಂದೆ ಸೌದೆ ಹಾಕುತ್ತಾ ಕೂತವರ ಮುಖಕ್ಕೇ ಬರುತ್ತದೆ. ಹಳೇ ಎಲೆಕ್ಟ್ರಾನಿಕ್ಸ್ ಸಾಮಾನು ತೆಗೆದುಕೊಳ್ಳುವ ಕಡೆ ಕೊಡಿ, ಮನೆಯ ಮಕ್ಕಳಿಗೂ ಹೇಳಿಡಿ.

ಸರಿಹೋದ ಪ್ಲೇಯರನ್ನು ಮಳೆಗಾಲ ಪೂರ್ತಿ ಬಳಸದೆ ಇಡುವುದಾದರೆ ಬ್ಯಾಟರಿ ಅರ್ಧ ತುಂಬಿರುವಾಗ ಆಫ್ ಮಾಡಿ, ಕಾರ್ಡ್ ತೆಗೆದು, ಸಿಲಿಕಾ ಜೆಲ್ ಡಬ್ಬದಲ್ಲಿ ಹಾಕಿ, ಎರಡು ತಿಂಗಳಿಗೊಮ್ಮೆ ಹೊರಗೆ ತೆಗೆದು ಸ್ವಲ್ಪ ಚಾರ್ಜ್ ಕೊಟ್ಟು ಎರಡು ಹಾಡು ಕೇಳಿ ಮತ್ತೆ ಒಳಗಿಡಿ.